ಹೆಬ್ಬೆರಳು ಮೊದಲು: ಬ್ರೆಜಿಲ್ ಶೈಲಿಯ ಸೋಲೊ ಗಿಟಾರ್ ಕಲಿಯುವವರಿಗೆ ಸಮಗ್ರ ಮಾರ್ಗದರ್ಶಿ

ಬ್ರೆಜಿಲ್‌ನ ಸೋಲೊ ಗಿಟಾರ್ ಕಲಿಯಲು ಹೊರಟವರು ನನಗೆ ಕೇಳಿಸುವ ರೆಕಾರ್ಡಿಂಗ್‌ಗಳು ಬಹುಪಾಲು ಒಂದೇ ಥರ ಮುಗ್ಗರಿಸುತ್ತವೆ. ಮೊದಲ ನಾಲ್ಕು ಬಾರ್ (ತಾಳದ ಆವರ್ತ) ಅಚ್ಚುಕಟ್ಟು. ಐದನೆಯದರಲ್ಲಿ ಕಾರ್ಡ್ (ಒಟ್ಟಿಗೆ ಮೊಳಗುವ ಸ್ವರಗಳ ಗೊಂಚಲು) ಬದಲಾಗಬೇಕು, ಅಲ್ಲಿ ಕೂದಲೆಳೆಯಷ್ಟು ತಡ. ಆ ತಡವನ್ನು ಮುಚ್ಚಲು ಆರನೆಯದರಲ್ಲಿ ಓಟ. ಎಂಟನೆಯದಕ್ಕೆ ಬರುವಷ್ಟರಲ್ಲಿ ಬೇಸ್ ತಂತಿಗಳೆಲ್ಲ ಒಟ್ಟಿಗೆ ಗುಂಯ್‌ಗುಡುತ್ತಿರುತ್ತವೆ. ಸ್ವರ ಒಂದೂ ತಪ್ಪಿರುವುದಿಲ್ಲ. ಆದರೂ ಅದು ಬ್ರೆಜಿಲ್‌ನ ಶೋರೊ ಶೈಲಿ ಅನ್ನಿಸುವುದಿಲ್ಲ, ಸಾಂಬಾ ಅನ್ನಿಸುವುದಿಲ್ಲ. ಬಾಯಿಪಾಠ ಮಾಡಿ ಒಪ್ಪಿಸಿದ ಹಾಗಿರುತ್ತದೆ.

ತಪ್ಪು ಬೆರಳಿನದಲ್ಲ, ಕಲಿತ ಕ್ರಮದ್ದು. ಎಲ್ಲರೂ ಮೊದಲು ಮೇಲಿನ ಮೆಲೊಡಿ ಕಲಿಯುತ್ತಾರೆ, ಆಮೇಲೆ ಅದರ ಕೆಳಗೆ ಕಾರ್ಡ್ ಜೋಡಿಸುತ್ತಾರೆ, ಕೊನೆಗೆ ಉಳಿದ ಜಾಗದಲ್ಲಿ ಹೆಬ್ಬೆರಳನ್ನು ತುರುಕುತ್ತಾರೆ. ಈ ಸಂಗೀತದಲ್ಲಿ ಹೆಬ್ಬೆರಳೇ ಡೋಲು. ಡೋಲು ಗಟ್ಟಿಯಾಗಿ ಕೂತ ಮೇಲೆ ಉಳಿದದ್ದು. ಕೆಳಗಿನ ಹಂತಗಳು ಆ ಕ್ರಮದಲ್ಲೇ ಇವೆ. ಒಂದನ್ನು ಹಾರಿಸಿ ಮುಂದಿನದಕ್ಕೆ ಹೋದರೆ ಮತ್ತೆ ಐದನೆಯ ಬಾರ್‌ನಲ್ಲೇ ಸಿಕ್ಕಿಬೀಳುತ್ತೀರಿ.

ಅಭ್ಯಾಸಕ್ಕೆ ಒಂದೇ ಕೃತಿಯನ್ನು ಆಧಾರವಾಗಿಟ್ಟುಕೊಳ್ಳೋಣ: ಜೊಆವ್ ಪೆರ್ನಾಂಬುಕೊ (1883–1947) ಅವರ ‘ಸೋನ್ಸ್ ಜಿ ಕಹಿಲ್ಯೋಯ್ಸ್’. ಗಂಟೆಗಳ ನಾದ ಎಂದು ಅರ್ಥ. ಡಿ ಮೇಜರ್‌ನಲ್ಲಿದೆ, ಆರನೆಯ ತಂತಿಯನ್ನು ಡಿಗೆ ಇಳಿಸಿ ನುಡಿಸುವಂಥದ್ದು. ನಿಮಗೆ ಬಾರೆ ಕಾರ್ಡ್ (ಒಂದೇ ಬೆರಳಿನಿಂದ ಹಲವು ತಂತಿ ಅಡ್ಡಲಾಗಿ ಒತ್ತುವುದು) ಹಿಡಿಯಲು ಬರಬೇಕು, ಬಲಗೈಯ ನಾಲ್ಕು ಬೆರಳು ಬೇರೆ ಬೇರೆಯಾಗಿ ತಂತಿ ಮೀಟಬೇಕು. ಇವೆರಡೂ ಬರದಿದ್ದರೆ ಈ ಲೇಖನವನ್ನು ಎತ್ತಿಟ್ಟು ಮೂರು ತಿಂಗಳು ಬಿಟ್ಟು ಬನ್ನಿ.

ಹೆಸರುಗಳ ಬಗ್ಗೆ ಒಂದು ಮಾತು. ‘ಚೋರೊ’ ಎಂದು ಓದಬೇಡಿ, ‘ಶೋರೊ’. ಪೋರ್ಚುಗೀಸ್‌ನಲ್ಲಿ ಪದದ ಮೊದಲಿಗೆ ಬರುವ ‘ಆರ್’ ಅಕ್ಷರ ನಮ್ಮ ಹಕಾರಕ್ಕೆ ಹತ್ತಿರ. ಹಾಗಾಗಿ ನಾನು ಹಫಾಯೆಲ್ ಹಬೆಲೊ ಎಂದು ಬರೆದ ಗಿಟಾರ್ ವಾದಕರನ್ನು ನೀವು ‘ಆರ್’ ಹಾಕಿ ಹುಡುಕಬೇಕು.

ಬೇಕಾದ ಸಾಮಾನು

ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್. ತಂತಿಯ ಉದ್ದ 650 ಮಿಲಿಮೀಟರ್, ನಟ್ (ತಂತಿಗಳು ಹಾದುಹೋಗುವ, ಕತ್ತಿನ ತುದಿಯ ಪಟ್ಟಿ) ಹತ್ತಿರ ಅಗಲ ಸುಮಾರು 52 ಮಿಲಿಮೀಟರ್ ಇರುವ ಸಾಮಾನ್ಯ ಅಳತೆಯದ್ದು ಸಾಕು. ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿರುವುದು ಸ್ಟೀಲ್ ತಂತಿಯ ಅಕೂಸ್ಟಿಕ್. ಅದರ ನಟ್ ಸುಮಾರು 43 ಮಿಲಿಮೀಟರ್ ಮಾತ್ರ. ಮೂರು ಬೆರಳು ಅಕ್ಕಪಕ್ಕದ ಮೂರು ತಂತಿಯನ್ನು ಒಟ್ಟಿಗೆ ಮೀಟಬೇಕಾದಲ್ಲಿ ಆ ಇಕ್ಕಟ್ಟು ಕೈಕೊಡುತ್ತದೆ, ಉಗುರೂ ಸವೆಯುತ್ತದೆ. ಬ್ರೆಜಿಲ್‌ನ ಗಿಟಾರ್ ವಾದಕ ದಿಲೆರ್ಮಾಂದೊ ಹೇಯಿಸ್ ಲೋಹದ ತಂತಿಯಲ್ಲೇ ನುಡಿಸುತ್ತಿದ್ದರಲ್ಲ ಎಂದು ವಾದಿಸಬಹುದು. ನಿಜ. ಆದರೆ ಕಲಿಯುವ ಹೊತ್ತಿನಲ್ಲಿ ಆ ಹಟ ಬೇಡ.

ಏಳು ತಂತಿಯ ಗಿಟಾರ್ ಈಗಲೇ ಕೊಳ್ಳಬೇಡಿ. ಅದರ ವಾದಕರಾದ ಹಬೆಲೊ, ಯಮಾಂದು ಕೋಸ್ತಾ ಅವರನ್ನು ನೋಡಿದ ಮೇಲೆ ಎಲ್ಲರಿಗೂ ಅದೇ ಬೇಕೆನಿಸುತ್ತದೆ. ಆರು ತಂತಿಯಲ್ಲಿ ಹೆಬ್ಬೆರಳು ಹದಕ್ಕೆ ಬಾರದವರಿಗೆ ಏಳನೆಯ ತಂತಿ ಎಂದರೆ ಅದುಮಿ ಸುಮ್ಮನಾಗಿಸಲು ಇನ್ನೊಂದು ತಂತಿ, ಅಷ್ಟೆ.

ತಾಳಕ್ಕೆ ಟಿಕ್‌ಟಿಕ್ ಎನ್ನುವ ಮೆಟ್ರೋನೋಮ್ ಬೇಕು, ನಿಮಿಷಕ್ಕೆ 30ರವರೆಗೂ ಇಳಿಯುವಂಥದ್ದು. ಫೋನಿನ ಆ್ಯಪ್‌ಗಳು ಸಾಮಾನ್ಯವಾಗಿ ಇಳಿಯುತ್ತವೆ. ಟ್ಯೂನರ್, ಕಾಲಿಡಲು ಸಣ್ಣ ಮಣೆ, ಉಗುರಿಗೆ ಗಾಜಿನ ಫೈಲ್, ಜೊತೆಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 1000 ಮತ್ತು 2000 ನಂಬರಿನ ಮರಳು ಕಾಗದ. ಉಗುರು ಬೆರಳ ತುದಿಯಿಂದ ಒಂದೂವರೆ ಮಿಲಿಮೀಟರ್‌ನಷ್ಟು ಹೊರಗಿದ್ದರೆ ಸಾಕು. ಅಂಚು ಒರಟಾಗಿದ್ದರೆ ಎಷ್ಟೇ ಚೆನ್ನಾಗಿ ಮೀಟಿದರೂ ಸದ್ದಿನಲ್ಲಿ ಕರಕರ.

ಹವೆಯನ್ನೂ ಗಮನಿಸಿ. ಗಿಟಾರ್‌ಗೆ ಹಿತವಾದ ತೇವಾಂಶ ಶೇ 45ರಿಂದ 55. ಮಂಗಳೂರಿನ ಮಳೆಗಾಲದಲ್ಲಿ ಮೇಲಿನ ಹಲಗೆ ಉಬ್ಬಿ ತಂತಿ ಎತ್ತರವಾಗುತ್ತದೆ. ಕಲಬುರಗಿಯ ಏಪ್ರಿಲ್‌ನಲ್ಲಿ ಮರ ಒಣಗಿ ಫ್ರೆಟ್‌ಗಳ (ಕತ್ತಿನ ಮೇಲಿನ ಅಡ್ಡ ಲೋಹಪಟ್ಟಿಗಳ) ತುದಿ ಅಂಗೈಗೆ ಚುಚ್ಚತೊಡಗುತ್ತದೆ. ಹಾಗೆ ಚುಚ್ಚಿದರೆ ಹಲಗೆ ಬಿರುಕು ಬಿಡುವ ದಿನ ದೂರವಿಲ್ಲ ಎಂದರ್ಥ. ಆಗ ಗಿಟಾರನ್ನು ಪೆಟ್ಟಿಗೆಯಲ್ಲಿ ಮುಚ್ಚಿಡಿ, ಜೊತೆಗೆ ತೇವ ಕಾಯುವ ಸಣ್ಣ ಪೊಟ್ಟಣ ಇಡಿ.

ಹಂತ 1: ಗಿಟಾರ್ ಮುಟ್ಟದೆ ತಾಳ

ಗಿಟಾರ್ ಗೋಡೆಗೆ ಒರಗಿಸಿಡಿ. ಶೋರೊ, ಸಾಂಬಾ ಎರಡನ್ನೂ 2/4ರಲ್ಲಿ ಬರೆಯುತ್ತಾರೆ. ಒಂದು ಬಾರ್‌ಗೆ ಎರಡು ಬೀಟು, ಒಂದೊಂದು ಬೀಟಿನಲ್ಲಿ ನಾಲ್ಕು ಸಣ್ಣ ಭಾಗ. ಈ ಸಣ್ಣ ಭಾಗವನ್ನು ಇಲ್ಲಿ ಮಾತ್ರೆ ಎನ್ನುತ್ತೇನೆ. ನಮಗೆ ಇದನ್ನು ಎಣಿಸಲು ಹೊಸ ಭಾಷೆ ಬೇಕಿಲ್ಲ. ‘ತಕಧಿಮಿ ತಕಧಿಮಿ’ ಎಂದರೆ ಒಂದು ಬಾರ್ ಮುಗಿಯಿತು.

ನಮಗೆ ಇರುವ ತೊಂದರೆಯೂ ಇಲ್ಲೇ. ಆದಿತಾಳ ಹಾಕುತ್ತಾ ಬೆಳೆದ ಕೈ ಮೊದಲ ಪೆಟ್ಟಿಗೆ ಭಾರ ಕೊಡುತ್ತದೆ. ಸಾಂಬಾದಲ್ಲಿ ಭಾರ ಬೀಳುವುದು ಎರಡನೆಯ ಬೀಟಿನ ಮೇಲೆ. ಸುರ್ದೊ ಎಂಬ ದೊಡ್ಡ ಡೋಲನ್ನು ಒಬ್ಬನೇ ಬಾರಿಸುವಾಗ ಮೊದಲ ಬೀಟಿನಲ್ಲಿ ಚರ್ಮವನ್ನು ಕೈಯಿಂದ ಒತ್ತಿ ಹಿಡಿಯುತ್ತಾನೆ, ಎರಡನೆಯದರಲ್ಲಿ ಬಿಡುತ್ತಾನೆ. ಬಾಯಲ್ಲಿ ಹೇಳಿ: ಟುಕ್ — ಡೂಂ, ಟುಕ್ — ಡೂಂ. ಹೇಳುತ್ತಾ ಅಡುಗೆಮನೆಯಿಂದ ಮುಂಬಾಗಿಲವರೆಗೆ ನಡೆಯಿರಿ, ಎಡಗಾಲಿಗೆ ಟುಕ್, ಬಲಗಾಲಿಗೆ ಡೂಂ. ಮನೆಯವರು ನಕ್ಕರೆ ನಗಲಿ.

ಇದು ಕೂತ ಮೇಲೆ ಕೈಚಪ್ಪಾಳೆ. ತ, ಕ, ಮಿ ಮೂರಕ್ಕೂ ತಟ್ಟಿ, ಧಿ ಮಾತ್ರ ನುಂಗಿ: ತ ಕ – ಮಿ. ಬ್ರೆಜಿಲ್‌ನವರು ಇದನ್ನು ‘ಗಾರ್ಫಿನ್ಯೊ’ ಎನ್ನುತ್ತಾರೆ, ಪುಟ್ಟ ಫೋರ್ಕ್. ಸ್ವರಲಿಪಿಯಲ್ಲಿ ಬರೆದಾಗ ಹಾಗೆ ಕಾಣುತ್ತದೆ. ಎರಡನೆಯ ಬೀಟಿನಲ್ಲಿ ತ ಮತ್ತು ಧಿಗೆ ಮಾತ್ರ ತಟ್ಟಿ. ಪೂರ್ತಿ ಬಾರ್ ಹೀಗಾಯಿತು: ತ ಕ – ಮಿ | ತ – ಧಿ –. ಈ ಒಂದು ಸಾಲು ಗಟ್ಟಿಯಾದರೆ ಹಳೆಯ ಶೋರೊಗಳ ಬಾಗಿಲು ತೆರೆದಂತೆಯೇ.

ಎಚ್ಚರಿಕೆಯ ಗುರುತು: ವೇಗ ಹೆಚ್ಚಿದಾಗ ‘ತ ಕ – ಮಿ’ ಜಾರಿ ‘ತ – ಧಿ ಮಿ’ ಆಗುತ್ತದೆ, ಕುದುರೆ ಓಟದ ಸದ್ದು. ಹತ್ತರಲ್ಲಿ ಏಳು ಜನರಿಗೆ ಹೀಗಾಗುವುದನ್ನು ನಾನು ಕಂಡಿದ್ದೇನೆ, ಅವರಿಗೆ ಅದು ಗೊತ್ತೂ ಆಗುವುದಿಲ್ಲ. ರೆಕಾರ್ಡ್ ಮಾಡಿ ಕೇಳಿ.

ಎರಡು ನಿಮಿಷ ತಪ್ಪದೆ ತಟ್ಟಲು ಬರುವವರೆಗೆ ಮುಂದಿನ ಹಂತ ಬೇಡ. ಸಾಮಾನ್ಯವಾಗಿ ಒಂದು ವಾರ.

ಹಂತ 2: ಹೆಬ್ಬೆರಳು ಒಂದೇ

ಈಗ ಗಿಟಾರ್ ತೆಗೆದುಕೊಳ್ಳಿ. ಆರನೆಯ ತಂತಿಯನ್ನು ಇ ಇಂದ ಡಿಗೆ ಇಳಿಸಿ. ನೇರ ಡಿಗೆ ತಂದು ನಿಲ್ಲಿಸಿದರೆ ತಂತಿ ಐದು ನಿಮಿಷದಲ್ಲಿ ಮತ್ತೆ ಮೇಲೇರುತ್ತದೆ. ಡಿಗಿಂತ ಸ್ವಲ್ಪ ಕೆಳಗಿಳಿಸಿ, ಬೆರಳಿನಿಂದ ಮೆಲ್ಲಗೆ ಎಳೆದು, ಆಮೇಲೆ ಮೇಲಕ್ಕೆ ತನ್ನಿ. ಪರೀಕ್ಷೆ ಸುಲಭ: ಆರನೆಯ ತಂತಿಯ ಹನ್ನೆರಡನೆಯ ಫ್ರೆಟ್ ಮೇಲಿನ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಬರೀ ತಾಗಿಸಿ ಮೀಟಿದ ಸ್ವರ), ನಾಲ್ಕನೆಯ ತಂತಿಯ ಖಾಲಿ ಸ್ವರ, ಎರಡೂ ಒಂದೇ ಆಗಬೇಕು.

ತಂತಿ ಇಳಿದ ಮೇಲೆ ಅದರ ಮೇಲಿನ ಎಲ್ಲ ಸ್ವರವೂ ಎರಡು ಫ್ರೆಟ್ ಮುಂದಕ್ಕೆ ಹೋಗುತ್ತದೆ. ಜಿ ಮೂರನೆಯದರಲ್ಲಿ ಅಲ್ಲ, ಐದನೆಯದರಲ್ಲಿ. ಇದನ್ನು ಮರೆತು ಹಳೆಯ ಜಿ ಕಾರ್ಡ್ ಹಿಡಿದು ಟ್ಯಾಬ್ (ತಂತಿ, ಫ್ರೆಟ್‌ಗಳ ಅಂಕಿಯಲ್ಲಿ ಬರೆದ ಲಿಪಿ) ತಪ್ಪಿದೆ ಎಂದವರೂ ಇದ್ದಾರೆ.

ಬಲಗೈಯ ತೋರು, ನಡು, ಉಂಗುರದ ಬೆರಳುಗಳನ್ನು ಮೂರು, ಎರಡು, ಒಂದನೆಯ ತಂತಿಗಳ ಮೇಲೆ ಸುಮ್ಮನೆ ಇಟ್ಟುಬಿಡಿ, ಮೀಟಬೇಡಿ. ಕೆಲಸ ಹೆಬ್ಬೆರಳಿಗೆ ಮಾತ್ರ. ಡಿ ಕಾರ್ಡ್‌ಗೆ: ಮೊದಲ ಬೀಟಿನಲ್ಲಿ ನಾಲ್ಕನೆಯ ಖಾಲಿ ತಂತಿ, ಎರಡನೆಯದರಲ್ಲಿ ಆರನೆಯ ಖಾಲಿ ತಂತಿ. ಎ ಸೆವೆನ್‌ಗೆ: ಮೊದಲು ಐದನೆಯ ಖಾಲಿ ತಂತಿ, ಆಮೇಲೆ ಆರನೆಯದರ ಎರಡನೆಯ ಫ್ರೆಟ್, ಅಂದರೆ ಇ. ಎರಡರಲ್ಲೂ ಎರಡನೆಯ ಬೀಟು ಮೊದಲಿನದಕ್ಕಿಂತ ಕೆಳಗಿನ ಸ್ವರ. ಸುರ್ದೊ ಮಾಡುವುದೂ ಅದನ್ನೇ.

ಇನ್ನು ಈ ಇಡೀ ಮಾರ್ಗದರ್ಶಿಯಲ್ಲಿ ನಿಧಾನವಾಗಿ ಓದಬೇಕಾದ ಜಾಗಕ್ಕೆ ಬಂದೆವು. ಮೊದಲ ಬೀಟಿನ ಸ್ವರವನ್ನು ನಿಲ್ಲಿಸಬೇಕು. ನಾಲ್ಕನೆಯ ತಂತಿ ಮೀಟಿದ ಮೇಲೆ, ಎರಡನೆಯ ಬೀಟಿಗೆ ಮುಂಚೆ, ಹೆಬ್ಬೆರಳು ವಾಪಸ್ ಬಂದು ಅದೇ ತಂತಿಯ ಮೇಲೆ ಕೂರಬೇಕು. ಉಗುರು ತಾಗಬಾರದು, ತಾಗಿದರೆ ‘ಝಿಂ’ ಎನ್ನುತ್ತದೆ. ಉಗುರಿನ ಪಕ್ಕದ ಮಾಂಸದ ಭಾಗ ತಾಗಬೇಕು. ತಂತಿ ಸುಮ್ಮನಾಯಿತು. ಅಲ್ಲಿಂದ ಎದ್ದು ಆರನೆಯ ತಂತಿ ಮೀಟಿ, ಅದನ್ನು ಮಾತ್ರ ಪೂರ್ತಿ ಮೊಳಗಲು ಬಿಡಿ. ಮುಂದಿನ ಬಾರ್‌ನ ಮೊದಲ ಬೀಟು ಮೀಟಿದ ತಕ್ಷಣ ಹೆಬ್ಬೆರಳ ಬೆನ್ನಿನಿಂದ ಆರನೆಯ ತಂತಿಯನ್ನು ಮುಟ್ಟಿ ನಿಲ್ಲಿಸಿ. ಹೇಳಿದರೆ ಉದ್ದವೆನಿಸುತ್ತದೆ, ಮಾಡಿದರೆ ಅರ್ಧ ಸೆಕೆಂಡಿನ ಕೆಲಸ. ಮೊದಮೊದಲು ಹೆಬ್ಬೆರಳು ಏನು ಮಾಡಬೇಕೆಂದು ತೋಚದೆ ಗಾಳಿಯಲ್ಲೇ ನಿಲ್ಲುತ್ತದೆ. ನನಗೂ ಹಾಗೇ ಆಗಿತ್ತು. ಹದಿನೈದು ದಿನ ಬೇರೇನೂ ನುಡಿಸದೆ ಇದನ್ನೇ ಮಾಡಿದ ಮೇಲೆ ಒಂದು ಸಂಜೆ ತಾನಾಗಿ ಕೂತಿತು.

ಬೇಸ್ ನಿಲ್ಲಿಸದಿದ್ದರೆ ಏನಾಗುತ್ತದೆ? ಹಿಂದಿನ ಕಾರ್ಡ್‌ನ ಎ ತಂತಿ ಈಗಿನ ಡಿ ಜೊತೆ ಬೆರೆತು ಕೆಸರಾಗುತ್ತದೆ. ಆ ಕೆಸರಿನಲ್ಲಿ ತಾಳ ಕಾಣುವುದಿಲ್ಲ. ಶುರುವಿನಲ್ಲಿ ಹೇಳಿದ ಎಂಟನೆಯ ಬಾರ್‌ನ ಗುಂಯ್‌ಗುಡುವಿಕೆ ಇದೇ.

ಮೆಟ್ರೋನೋಮ್ 30ಕ್ಕೆ ಇಡಿ, ಅದರ ಸದ್ದನ್ನು ಎರಡನೆಯ ಬೀಟು ಎಂದುಕೊಳ್ಳಿ. ಆಗ ನಿಮ್ಮ ವೇಗ ನಿಮಿಷಕ್ಕೆ 60 ಬೀಟು. ಮೊದಲ ಬೀಟನ್ನು ನೀವೇ ಹುಟ್ಟಿಸಬೇಕು. ಸ್ವಲ್ಪ ಹೊತ್ತಿಗೆ ಮನಸ್ಸು ಮೆಟ್ರೋನೋಮ್ ಸದ್ದನ್ನೇ ಮೊದಲನೆಯದು ಎಂದು ತಿರುಗಿಸಿಕೊಂಡುಬಿಡುತ್ತದೆ. ಹಾಗಾದದ್ದು ಗೊತ್ತಾದ ಕೂಡಲೇ ನಿಲ್ಲಿಸಿ ‘ಟುಕ್ — ಡೂಂ’ ಹೇಳಿಕೊಂಡು ಮತ್ತೆ ಶುರು ಮಾಡಿ.

ಹಂತ 3: ಮೂರು ಬೆರಳು ಸೇರುವುದು

ಹೆಬ್ಬೆರಳು ಒಂದನೆಯ ಮತ್ತು ಐದನೆಯ ಮಾತ್ರೆಯಲ್ಲಿ. ಉಳಿದ ಮೂರು ಬೆರಳು ಒಟ್ಟಿಗೆ ಎರಡು, ನಾಲ್ಕು, ಏಳನೆಯ ಮಾತ್ರೆಯಲ್ಲಿ. ಹಂತ 1ರ ಸಾಲನ್ನೇ ನೋಡಿ: ಎರಡೂ ‘ತ’ ಹೆಬ್ಬೆರಳಿನದು, ‘ಕ’, ‘ಮಿ’ ಮತ್ತು ಎರಡನೆಯ ಬೀಟಿನ ‘ಧಿ’ ಬೆರಳುಗಳದು. ಬಾಯಲ್ಲಿ ಹೇಳುತ್ತಲೇ ನುಡಿಸಿ. ಬಾಯಿ ನಿಂತರೆ ಕೈಯೂ ನಿಲ್ಲಲಿ.

ಮೂರು ಬೆರಳೂ ಮೀಟುವ ಮೊದಲೇ ತಂತಿಯ ಮೇಲೆ ಕೂತಿರಬೇಕು. ದೂರದಿಂದ ಬಂದು ಕೀಳಬಾರದು. ಕೈ ಮೇಲಕ್ಕೆ ಹಾರುತ್ತಿದ್ದರೆ ಕನ್ನಡಿಯಲ್ಲಿ ಕಾಣುತ್ತದೆ, ಬೆರಳ ಗಂಟುಗಳು ಮೇಲೆ ಕೆಳಗೆ ಕುಣಿಯುತ್ತವೆ. ಗಂಟು ಅಲುಗದೆ ಬೆರಳ ತುದಿ ಮಾತ್ರ ಅಂಗೈಯತ್ತ ಮಡಚಬೇಕು. ಕಾರ್ಡ್ ಚಿಕ್ಕದಾಗಿ, ಒಣಗಿದಂತೆ ಕೇಳಿಸಬೇಕು. ಎಡಗೈ ಒತ್ತಡ ಸಡಿಲಿಸಿದರೆ ಅದು ತಾನೇ ಚಿಕ್ಕದಾಗುತ್ತದೆ. ಒತ್ತಡ ಸಡಿಲಿಸಿ, ಬೆರಳು ಎತ್ತಬೇಡಿ.

ಇಷ್ಟು ಕೂತ ಮೇಲೆ ಸಾಂಬಾದ ಉದ್ದನೆಯ ಸುತ್ತು ಪ್ರಯತ್ನಿಸಬಹುದು. ತಾಂಬೊರಿಂ ಎಂಬ ಪುಟ್ಟ ವಾದ್ಯ ನುಡಿಸುವ ನಮೂನೆ ಅದು, ಎರಡು ಬಾರ್ ಸೇರಿಸಿ ಹದಿನಾರು ಮಾತ್ರೆ. ಒಳಗೆ ಅದು ಎಂಟು-ಎಂಟಾಗಿ ಒಡೆಯುವುದಿಲ್ಲ, ಏಳು ಮತ್ತು ಒಂಬತ್ತಾಗಿ ಒಡೆಯುತ್ತದೆ: 2-2-1-2, ಆಮೇಲೆ 2-2-2-1-2. ಪೆಟ್ಟು ಬೀಳುವುದು 1, 3, 5, 6, 8, 10, 12, 14, 15ನೆಯ ಮಾತ್ರೆಗಳಲ್ಲಿ. ಹೆಬ್ಬೆರಳು ಮಾತ್ರ ಏನೂ ಆಗಿಲ್ಲವೆಂಬಂತೆ 1, 5, 9, 13ರಲ್ಲೇ ನಡೆಯಬೇಕು. ಕೊನ್ನಕ್ಕೋಲ್ ಕಲಿತವರಿಗೆ ಇದು ಒಂದು ಮಧ್ಯಾಹ್ನದ ಕೆಲಸ, ಉಳಿದವರಿಗೆ ಒಂದು ತಿಂಗಳು. ಸುತ್ತು ಎಲ್ಲಿಂದ ಶುರುವಾಗುತ್ತದೆ ಎನ್ನುವುದು ಹಾಡಿನಿಂದ ಹಾಡಿಗೆ ಬದಲಾಗುತ್ತದೆ. ಆದ್ದರಿಂದ ಇದನ್ನು ಒಂದೇ ಜಾಗದಿಂದ ಬಾಯಿಪಾಠ ಮಾಡಬೇಡಿ, ಎಂಟನೆಯ ಮಾತ್ರೆಯಿಂದಲೂ ಶುರು ಮಾಡಿ ನೋಡಿ.

ಈಶಾನ್ಯ ಬ್ರೆಜಿಲ್‌ನ ಬೈಯಾಂವ್ ಎಂಬ ಕುಣಿತದ ಲಯ ಬೇರೆ. ಅದರ ಬಾರ್ 3-3-2, ಅಂದರೆ ತಕಿಟ ತಕಿಟ ತಕ. ಅಲ್ಲಿ ಆಗಾಗ ಕೇಳುವ ಒಂದು ಸ್ವರಶ್ರೇಣಿ ನಮ್ಮ ವಾಚಸ್ಪತಿಯದ್ದೇ ಸ್ವರಗಳು. ಗಮಕ ಹಾಕುವ ಆಸೆ ಹುಟ್ಟುತ್ತದೆ, ತಡೆದುಕೊಳ್ಳಿ.

ಹಂತ 4: ಎಡಗೈಯನ್ನು ಮೊದಲೇ ಕಳಿಸುವುದು

ಐದನೆಯ ಬಾರ್‌ನ ತಡಕ್ಕೆ ಮದ್ದು ಇಲ್ಲಿದೆ. ಕಾರ್ಡ್ ಬದಲಾಗುವಾಗ ಎಲ್ಲ ಬೆರಳೂ ಒಟ್ಟಿಗೆ ಬಂದು ಕೂರಬೇಕೆಂದು ಕಾಯುತ್ತೀರಿ, ತಡವಾಗುವುದು ಅದಕ್ಕೆ. ಒಟ್ಟಿಗೆ ಬರಬೇಕಿಲ್ಲ. ಮೊದಲ ಮಾತ್ರೆಯಲ್ಲಿ ಬೇಸ್ ಸ್ವರ ಮಾತ್ರ ಇದೆ, ಮೂರು ಬೆರಳ ಕೆಲಸ ಎರಡನೆಯ ಮಾತ್ರೆಗೆ. ಹಾಗಾದರೆ ಬೇಸ್ ಹಿಡಿಯುವ ಎಡಗೈ ಬೆರಳು ಮೊದಲು ಹೊರಡಲಿ, ಉಳಿದವು ಹಿಂದೆ ಬರಲಿ. ಖಾಲಿ ತಂತಿಯ ಬೇಸ್ ಇದ್ದರಂತೂ ಕೈ ಸರಿಸಲು ಇಡೀ ಒಂದು ಮಾತ್ರೆ ಸಮಯವಿದೆ. ಆರನೆಯ ತಂತಿಯನ್ನು ಡಿಗೆ ಇಳಿಸುವುದರ ಲಾಭವೂ ಇದೇ: ಕೆಳಗಿನ ಡಿ ಖಾಲಿ ತಂತಿಯಲ್ಲಿ ಮೊಳಗುತ್ತಿರುವಾಗ ಎಡಗೈ ಮೇಲಿನ ಫ್ರೆಟ್‌ಗಳಲ್ಲಿ ಎಲ್ಲಿ ಬೇಕಾದರೂ ಓಡಾಡಬಹುದು.

ಎರಡು ಕಾರ್ಡ್‌ಗಳಿಗೂ ಒಂದೇ ತಂತಿಯ ಮೇಲೆ ಇರುವ ಬೆರಳು ಯಾವುದು ನೋಡಿ. ಅದನ್ನು ಎತ್ತದೆ ಜಾರಿಸಿ. ಸುರುಳಿ ಸುತ್ತಿದ ಬೇಸ್ ತಂತಿಯ ಮೇಲೆ ಜಾರಿಸಿದರೆ ‘ಸೀಂಯ್’ ಎನ್ನುತ್ತದೆ. ಅಲ್ಲಿ ಜಾರಿಸಬೇಡಿ, ನೈಲಾನ್ ತಂತಿಗಳ ಮೇಲೆ ಮಾತ್ರ.

ಹಂತ 5: ಈಗ ಮೆಲೊಡಿ

ಇಲ್ಲಿಯವರೆಗೆ ಒಂದು ತಿಂಗಳಾದರೂ ಆಗಿರಬೇಕು. ಈಗ ಕೃತಿಯ ಮೇಲಿನ ಸ್ವರಗಳನ್ನು ತೆಗೆದುಕೊಳ್ಳಿ. ಮೊದಲು ಹಾಡಿ. ಹೆಬ್ಬೆರಳಿಂದ ಬೇಸ್ ನುಡಿಸುತ್ತಾ ಮೆಲೊಡಿ ಗುನುಗಲು ಬಂದರೆ ಅರ್ಧ ಕಲಿತಂತೆ. ಬರದಿದ್ದರೆ ಬೆರಳಿಗೂ ಬರುವುದಿಲ್ಲ.

ಮೆಲೊಡಿ ಹೆಚ್ಚಾಗಿ ಉಂಗುರದ ಬೆರಳಿನ ಪಾಲಿಗೆ ಬರುತ್ತದೆ, ಅದೇ ಇದ್ದುದರಲ್ಲಿ ಸೋಮಾರಿ. ಮೂರು ತಂತಿಯ ಕಾರ್ಡ್ ಒಟ್ಟಿಗೆ ಮೀಟಿ, ಮೇಲಿನದು ಮಾತ್ರ ಎದ್ದು ಕೇಳಿಸಬೇಕು. ಜೋರಾಗಿ ಮೀಟಿ ಎಬ್ಬಿಸಬೇಡಿ. ಉಳಿದೆರಡು ಬೆರಳನ್ನು ಮೆತ್ತಗೆ ಮಾಡಿ. ಫೋನನ್ನು ಆರಡಿ ದೂರದಲ್ಲಿಟ್ಟು ರೆಕಾರ್ಡ್ ಮಾಡಿ. ಗಿಟಾರ್ ಮೇಲೆ ಬಗ್ಗಿಕೊಂಡ ನಿಮ್ಮ ಕಿವಿಗೆ ಕೇಳುವುದೇ ಬೇರೆ, ಎದುರು ಕೂತವರಿಗೆ ಕೇಳುವುದೇ ಬೇರೆ.

ಇಲ್ಲಿ ಆಗುವ ದೊಡ್ಡ ತಪ್ಪು, ಮೆಲೊಡಿ ಬಂತೆಂಬ ಸಂಭ್ರಮದಲ್ಲಿ ಹೆಬ್ಬೆರಳನ್ನು ಮರೆಯುವುದು. ಮೆಲೊಡಿ ತಾಳದಿಂದ ಸ್ವಲ್ಪ ಹಿಂದೆ ಬೀಳಬಹುದು, ಮುಂದೆ ಓಡಬಹುದು. ಬ್ರೆಜಿಲ್‌ನವರು ಧಾರಾಳವಾಗಿ ಹಾಗೆ ಮಾಡುತ್ತಾರೆ, ಅದರಲ್ಲೇ ಸೊಗಸಿರುವುದು. ಹೆಬ್ಬೆರಳು ಮಾತ್ರ ಕದಲಬಾರದು. ಗಿಟಾರ್ ವಾದಕ ಬಾದೆನ್ ಪಾವೆಲ್ (1937–2000) ನುಡಿಸಿದ್ದನ್ನು ಕೇಳುವಾಗ ಒಮ್ಮೆ ಮೆಲೊಡಿಯನ್ನು ಬಿಟ್ಟು ಬೇಸ್ ಮಾತ್ರ ಕೇಳಿ ನೋಡಿ.

ಇನ್ನೊಂದು ಸೂಕ್ಷ್ಮ. ನಾಲ್ಕು ಮಾತ್ರೆಯೂ ಅಳೆದು ಕತ್ತರಿಸಿದಂತೆ ಸಮನಾಗಿದ್ದರೆ ಕಂಪ್ಯೂಟರ್ ನುಡಿಸಿದಂತಿರುತ್ತದೆ. ಮಾತ್ರೆಗಳು ಕೊಂಚ ಹಿಂದುಮುಂದಾಗಬೇಕು, ಆ ತೂಗಾಟವನ್ನು ಬರೆದು ಕಲಿಸಲಾಗದು. ಪಾಂದೇಯ್ರೊ ಕೇಳಿ, ನಮ್ಮ ಖಂಜಿರದ ಹಾಗೆ ಕಾಣುವ ವಾದ್ಯ. ಹೆಬ್ಬೆರಳು, ಬೆರಳ ತುದಿ, ಅಂಗೈಯ ಬುಡ, ಮತ್ತೆ ಬೆರಳ ತುದಿ, ಹೀಗೆ ನಾಲ್ಕು ಪೆಟ್ಟು. ದಿನಕ್ಕೆ ಹತ್ತು ನಿಮಿಷ ಅದನ್ನು ಕೇಳುತ್ತಾ ಮೇಜಿನ ಮೇಲೆ ತಟ್ಟಿ.

ಹಂತ 6: ಕೃತಿಯನ್ನು ಕತ್ತರಿಸಿ, ಹೊಲಿಗೆಯನ್ನು ಗಟ್ಟಿ ಮಾಡಿ

ಎರಡೆರಡು ಬಾರ್‌ನ ತುಂಡು ಮಾಡಿ. ತುಂಡುಗಳನ್ನು ಎಲ್ಲರೂ ಅಭ್ಯಾಸ ಮಾಡುತ್ತಾರೆ, ಒಂದು ತುಂಡು ಇನ್ನೊಂದಕ್ಕೆ ಸೇರುವ ಹೊಲಿಗೆಯನ್ನು ಯಾರೂ ಮಾಡುವುದಿಲ್ಲ. ಎರಡನೆಯ ಬಾರ್‌ನ ಕೊನೆಯ ಬೀಟು ಮತ್ತು ಮೂರನೆಯದರ ಮೊದಲ ಬೀಟು, ಇಷ್ಟನ್ನೇ ಇಪ್ಪತ್ತು ಸಲ ನುಡಿಸಿ. ಬಟ್ಟೆ ಹರಿಯುವುದು ಹೊಲಿಗೆಯಲ್ಲೇ.

ಶೋರೊಗಳಲ್ಲಿ ಸಾಮಾನ್ಯವಾಗಿ ಮೂರು ಭಾಗ. ನುಡಿಸುವ ಕ್ರಮ ಎ-ಎ-ಬಿ-ಬಿ-ಎ-ಸಿ-ಸಿ-ಎ. ಎ ಭಾಗ ನಾಲ್ಕು ಸಲ ಬರುತ್ತದೆ, ಸಿ ಎರಡೇ ಸಲ. ಮೊದಲಿಂದ ಕೊನೆಯವರೆಗೆ ನುಡಿಸುತ್ತಾ ಕಲಿತರೆ ಎ ಭಾಗಕ್ಕೆ ದುಪ್ಪಟ್ಟು ಅಭ್ಯಾಸ ತಾನಾಗಿ ಸಿಗುತ್ತದೆ. ಸಿ ಭಾಗಕ್ಕೆ ಬರುವಷ್ಟರಲ್ಲಿ ಕೈ ದಣಿದಿರುತ್ತದೆ, ಕೃತಿಯ ಶ್ರುತಿಯೂ (ಕೀ) ಬದಲಾಗಿರುತ್ತದೆ. ಆದ್ದರಿಂದ ಕೊನೆಯ ಭಾಗದಿಂದ ಶುರು ಮಾಡಿ. ಅಭ್ಯಾಸದ ಮೊದಲ ಹದಿನೈದು ನಿಮಿಷ, ಕೈ ತಾಜಾ ಇರುವಾಗ, ಅದಕ್ಕೇ ಕೊಡಿ.

ಟ್ಯಾಬ್ ಇಳಿಸಿಕೊಳ್ಳುವವರಿಗೆ: ಬಲಗೈ ಬೆರಳ ಗುರುತು ಇಲ್ಲದ ಟ್ಯಾಬ್‌ನಿಂದ ಕಲಿಯಬೇಡಿ. ಆರನೆಯ ತಂತಿ ಡಿಗೆ ಇಳಿದಿದೆ ಎಂದು ಮೇಲೆ ಬರೆಯದ ಟ್ಯಾಬ್‌ಗಳೂ ಓಡಾಡುತ್ತಿವೆ. ಅಂಥ ಟ್ಯಾಬ್ ಕಂಡರೆ ಅದನ್ನು ಹಾಕಿದವರು ಆ ಕೃತಿಯನ್ನು ನುಡಿಸಿಲ್ಲ ಎಂದೇ ತಿಳಿಯಿರಿ.

ಹಂತ 7: ವೇಗ

ಇದಕ್ಕೆ ಹೆಚ್ಚು ಮಾತು ಬೇಡ. ಮೂರು ಸಲ ತಪ್ಪದೆ, ಉಸಿರು ಬಿಗಿಹಿಡಿಯದೆ ನುಡಿಸಿದರೆ ಮೆಟ್ರೋನೋಮನ್ನು ನಾಲ್ಕು ಏರಿಸಿ. ಒಮ್ಮೆ ತಪ್ಪಿದರೆ ಎಂಟು ಇಳಿಸಿ. 52ರಿಂದ ಶುರು ಮಾಡಿ. ಈ ಕೃತಿ 72 ಮುಟ್ಟಿದರೆ ಕೇಳಲು ಚೆನ್ನ, 84ರ ಮೇಲೆ ನನಗೆ ಇಷ್ಟವಾಗುವುದಿಲ್ಲ.

ಹೆಗಲು ಕಿವಿಯ ಕಡೆಗೆ ಏರುತ್ತಿದೆಯೇ, ಹಲ್ಲು ಕಚ್ಚಿದ್ದೀರಾ, ಕಿರುಬೆರಳು ಕಡ್ಡಿಯಂತೆ ಸೆಟೆದಿದೆಯೇ ನೋಡಿಕೊಳ್ಳಿ. ಮೂರರಲ್ಲಿ ಒಂದಾದರೂ ಇದ್ದರೆ ಆ ವೇಗ ನಿಮ್ಮದಲ್ಲ. ನಾನು ಮೊದಲ ವರ್ಷ ಹಲ್ಲು ಕಚ್ಚಿಕೊಂಡೇ 96ಕ್ಕೆ ಏರಿದ್ದೆ. ಅದನ್ನು ಮರೆಸಲು ಕೈಗೆ ಎರಡು ವರ್ಷ ಹಿಡಿಯಿತು.

ಹಂತ 8: ಬೇಸ್ ಓಟ

ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ ಬೇಸ್ ತಂತಿಗಳ ಮೇಲೆ ಒಂದು ಇಳಿಜಾರು ಓಟ ಕೇಳಿಸುತ್ತದೆ. ಅದನ್ನು ‘ಬಾಯ್ಶಾರಿಯ’ ಎನ್ನುತ್ತಾರೆ. ದೀನೊ ಸೆತ್ ಕೋರ್ದಾಸ್ (1918–2006) ಇದನ್ನು ಏಳು ತಂತಿಯಲ್ಲಿ, ಹೆಬ್ಬೆರಳಿಗೆ ‘ದೆದೇಯ್ರ’ ಎಂಬ ನಖಿ ತೊಟ್ಟು ನುಡಿಸುತ್ತಿದ್ದರು. ವಾದ್ಯವೃಂದದ ಈ ಕೆಲಸವನ್ನು ಒಂಟಿ ಗಿಟಾರ್‌ಗೆ ತಂದವರಲ್ಲಿ ಹಬೆಲೊ (1962–1995) ದೊಡ್ಡ ಹೆಸರು.

ಶುರುವಿಗೆ ನಾಲ್ಕೇ ಸ್ವರ. ಐದನೆಯ ತಂತಿಯಲ್ಲಿ ಐದನೆಯ ಫ್ರೆಟ್, ನಾಲ್ಕನೆಯ ಫ್ರೆಟ್, ಎರಡನೆಯ ಫ್ರೆಟ್, ಆಮೇಲೆ ಖಾಲಿ ತಂತಿ. ಡಿಯನ್ನು ಷಡ್ಜ ಎಂದುಕೊಂಡರೆ ಸ ನಿ ದ ಪ. ಡಿ ಕಾರ್ಡ್‌ನಿಂದ ಎ ಸೆವೆನ್‌ಗೆ ಇಳಿಯುವ ಬಾರ್‌ನ ಎರಡನೆಯ ಬೀಟಿನಲ್ಲಿ ಡಿ, ಸಿ ಶಾರ್ಪ್, ಬಿ ಮೂರನ್ನು ಕ್ರಮವಾಗಿ ಕ, ಧಿ, ಮಿಗಳಲ್ಲಿ ಮೀಟಿ. ಖಾಲಿ ಎ ಮುಂದಿನ ಬಾರ್‌ನ ಮೊದಲ ತಕಾರಕ್ಕೆ ಬಂದು ಕೂರಬೇಕು. ಒಂದೊಂದನ್ನೂ ಹೆಬ್ಬೆರಳಿನಿಂದಲೇ ಮೀಟಿ, ತೋರುಬೆರಳಿನ ಸಹಾಯ ಬೇಡ.

ಪ್ರತಿ ಸಂದಿಯಲ್ಲೂ ಓಟ ಹಾಕಬೇಡಿ. ಎಂಟು ಬಾರ್‌ಗೆ ಒಂದು ಸಾಕು. ಮೇಲೆ ಮೆಲೊಡಿ ನಿಂತಾಗ ಕೆಳಗೆ ಓಡಿ, ಅದು ಓಡುವಾಗ ಸುಮ್ಮನಿರಿ.

ಕೈ ನೋವು: ಯಾವಾಗ ನಿಲ್ಲಿಸಬೇಕು

ಬೆರಳ ತುದಿಯ ಉರಿ, ಹೆಬ್ಬೆರಳ ಬುಡದ ದಣಿವು ರಾತ್ರಿ ಕಳೆದರೆ ಹೋಗುತ್ತದೆ. ಮಣಿಕಟ್ಟಿನಲ್ಲಿ ಚುಚ್ಚುವ ನೋವು, ಬೆರಳು ಜೋಮು ಹಿಡಿಯುವುದು, ಬೆಳಗ್ಗೆ ಎದ್ದಾಗ ಮುಷ್ಟಿ ಬಿಗಿಯಲಾಗದಿರುವುದು ಹಾಗಲ್ಲ. ಅಂದೇ ನಿಲ್ಲಿಸಿ, ವೈದ್ಯರಿಗೆ ತೋರಿಸಿ. ನೋವೇ ಇಲ್ಲದೆ ಒಂದು ಬೆರಳು ತಾನಾಗಿ ಒಳಕ್ಕೆ ಮಡಚಿಕೊಳ್ಳತೊಡಗಿದರೆ ಅದನ್ನು ಹೆಚ್ಚು ಅಭ್ಯಾಸದಿಂದ ಸರಿಪಡಿಸಲು ಹೋಗಬೇಡಿ. ವಾದ್ಯಗಾರರಿಗೆ ಬರುವ ಡಿಸ್ಟೋನಿಯ ಎಂಬ ನರಸಂಬಂಧಿ ತೊಂದರೆ ಹೀಗೇ ಶುರುವಾಗುತ್ತದೆ, ನರರೋಗ ತಜ್ಞರನ್ನೇ ಕಾಣಬೇಕು.

25 ನಿಮಿಷಕ್ಕೊಮ್ಮೆ ಎದ್ದು ನೀರು ಕುಡಿಯಿರಿ. ಆ ಬಿಡುವಿನಲ್ಲಿ ಫೋನ್ ಹಿಡಿದು ಅದೇ ಹೆಬ್ಬೆರಳಿಂದ ತಳ್ಳುತ್ತಾ ಕೂತರೆ ಬಿಡುವೇ ಅಲ್ಲ.

ಮುಂದಿನ ಕೃತಿಗಳು, ಇದೇ ಕ್ರಮದಲ್ಲಿ

ಮೊದಲ ಕೃತಿ ಕೈಗೆ ಬಂದ ಮೇಲೆ ಬ್ರೆಜಿಲ್‌ನ ಸಂಗೀತ ರಚನೆಕಾರ ವಿಲ್ಲಾ-ಲೋಬೋಸ್ 1920ರಲ್ಲಿ ಬರೆದ ‘ಶೋರೋಸ್ ನಂಬರ್ 1’. ಇ ಮೈನರ್, ಮೂರನೆಯ ಭಾಗ ಇ ಮೇಜರ್. ಶುರುವಿನ ಮೂರು ಸ್ವರಗಳನ್ನು ಬೇಕೆಂದಷ್ಟು ಎಳೆದು ನಿಲ್ಲಿಸಬಹುದು. ಎಳೆದ ಮೇಲೆ ತಾಳ ಎಲ್ಲಿ ಶುರುವಾಗುತ್ತದೆ ಎನ್ನುವುದನ್ನು ಒಳಗೆ ಎಣಿಸಿಕೊಂಡಿರಬೇಕು. ಹೆಚ್ಚಿನವರು ಆ ಮೂರನ್ನೂ ಭಾವುಕವಾಗಿ ಎಳೆದು, ನಾಲ್ಕನೆಯದಕ್ಕೆ ಗಾಬರಿಯಾಗುತ್ತಾರೆ.

ಆಮೇಲೆ ಗಿಟಾರ್ ವಾದಕ, ರಚನೆಕಾರ ಗರೊತೊ (1915–1955). ಅವರ ಕಾರ್ಡ್‌ಗಳು ಎಡಗೈಯನ್ನು ಹಿಂಡುತ್ತವೆ. ಗರೊತೊ ಕೃತಿಗಳನ್ನು ಗಿಟಾರ್ ವಾದಕ ಪೌಲೊ ಬೆಲ್ಲಿನಾತಿ ಸ್ವರಲಿಪಿಗೆ ಇಳಿಸಿದ್ದಾರೆ, ಟ್ಯಾಬ್ ಹುಡುಕುತ್ತಾ ಅಲೆಯುವ ಬದಲು ಅದನ್ನು ಕೊಳ್ಳಿ. ಗರೊತೊ ಅವರ ‘ಲಾಮೆಂತೋಸ್ ದು ಮೊಹು’ ತೆಗೆದುಕೊಳ್ಳುವ ಮೊದಲು ಹಂತ 3ರ ಹದಿನಾರು ಮಾತ್ರೆಯ ಸುತ್ತು ನಿದ್ದೆಯಲ್ಲೂ ಬರುವಂತಿರಲಿ.

ಬೆಲ್ಲಿನಾತಿ ಅವರದೇ ‘ಜೊಂಗೊ’ ಕೊನೆಗೆ. ಅದರ ನಡುವೆ ಗಿಟಾರ್‌ನ ಮರವನ್ನೇ ಬೆರಳು, ಅಂಗೈಗಳಿಂದ ಬಡಿಯುವ ಭಾಗವಿದೆ. ಮೇಲಿನ ಹಲಗೆ ತೆಳುವಾಗಿರುತ್ತದೆ. ಬಡಿಯುವ ಮುಂಚೆ ಉಂಗುರ ಕಳಚಿಡಿ, ಕೈಗಡಿಯಾರವನ್ನೂ.